ಸೂಚಿ, ಅಗ್ನಿ, ವಿದ್ಯುತ್ತು: ನರಶೂಲೆಯ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ವಿಚಾರ

೧. ಪ್ರಸ್ತಾವನೆ

ಸೊಂಟದಲ್ಲಿ ಹುಟ್ಟಿ ತೊಡೆಯ ಹಿಂಬದಿಯಿಂದ ಹರಿದು ಹಿಮ್ಮಡಿಯವರೆಗೂ ಇಳಿಯುವ ನೋವು ಒಂದು. ಸರ್ಪಸುತ್ತಿನ ಗುಳ್ಳೆಗಳು ಮಾಯ್ದ ಮೇಲೂ ತಿಂಗಳುಗಟ್ಟಲೆ ಚರ್ಮದಡಿಯಲ್ಲಿ ಉರಿಯುವ ನೋವು ಮತ್ತೊಂದು. ಇವೆರಡನ್ನೂ ಇಂದಿನ ವೈದ್ಯರು ನರಶೂಲೆಯ ವರ್ಗಕ್ಕೆ ಸೇರಿಸುತ್ತಾರೆ. ಇಂತಹ ನೋವುಗಳಿಗೆ ಮಾಡತಕ್ಕ ಚಿಕಿತ್ಸೆಗಳಲ್ಲಿ ಎಲೆಕ್ಟ್ರೋ ಅಕ್ಯುಪಂಕ್ಚರ್ ಎಂಬುದು ಈಗ ಪ್ರಚಾರಕ್ಕೆ ಬಂದಿದೆ. ಕೂದಲಿನಷ್ಟು ತೆಳುವಾದ ಸೂಜಿಗಳನ್ನು ಗೊತ್ತಾದ ಸ್ಥಾನಗಳಲ್ಲಿ ನೆಟ್ಟು, ಅವುಗಳಲ್ಲಿ ಎರಡೆರಡನ್ನು ತಂತಿಯಿಂದ ಜೋಡಿಸಿ, ಅಲ್ಪವಾದ ವಿದ್ಯುತ್ಪ್ರವಾಹವನ್ನು ಮಿಡಿಮಿಡಿಯಾಗಿ ಹಾಯಿಸುವುದೇ ಈ ಕ್ರಮ. ಸಂಸ್ಕೃತದಲ್ಲಿ ಇದನ್ನು ವಿದ್ಯುತ್ಸೂಚೀವೇಧವೆಂದು ಹೇಳಬಹುದು.

ಈ ಚಿಕಿತ್ಸೆಯ ಸಂಗಡ ಒಂದು ವಾದವೂ ಪ್ರಚಾರಕ್ಕೆ ಬಂದಿದೆ. ಸೂಚೀವೇಧವು ಮೂಲತಃ ಸುಶ್ರುತನದು. ಅವನ ಮರ್ಮಗಳೇ ಚೀನದವರ ಸೂಚೀಸ್ಥಾನಗಳು. ವಿದ್ಯೆಯು ಇಲ್ಲಿಂದ ಅಲ್ಲಿಗೆ ಹೋಗಿ ವಿದ್ಯುತ್ತನ್ನು ಕೂಡಿಸಿಕೊಂಡು ಮರಳಿ ಬಂದಿದೆ ಎಂಬುದು ಆ ವಾದ. ಕೇಳುವುದಕ್ಕೆ ಹಿತವಾದ ಈ ಮಾತು ಶಾಸ್ತ್ರಗ್ರಂಥಗಳ ಮುಂದೆ ನಿಲ್ಲುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ನೆಲೆಯಾಗಿ ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲ್ಲೂಕುಗಳ ಸೀಮೆಯನ್ನು ಇಟ್ಟುಕೊಂಡಿದೆ. ಕುಮಾರಧಾರೆ ಪಯಸ್ವಿನಿಗಳು ಹರಿಯುವ, ಘಟ್ಟದ ತಪ್ಪಲಿನ ಈ ನಾಡು ಅಡಕೆಯ ತೋಟಗಳ ನಾಡು. ಕಾಲಿಗೆ ತಳೆ ಹಾಕಿ ಮರವೇರುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದು, ಗೊನೆಯಿಳಿಸುವುದು, ಗುಡ್ಡದ ದಾರಿಯಲ್ಲಿ ಹೊರೆ ಹೊರುವುದು, ಇವೆಲ್ಲ ಬೆನ್ನುಮೂಳೆಯ ಮೇಲೆ ಬೀಳುವ ಕೆಲಸಗಳು. ಸೊಂಟದಿಂದ ಕಾಲಿಗಿಳಿಯುವ ನೋವು ಇಲ್ಲಿ ಅಪರೂಪದ್ದಲ್ಲ. ಇತ್ತ ಕಡಬ ತಾಲ್ಲೂಕಿಗೆ ಸೇರಿದ ಕುಕ್ಕೆ ಸುಬ್ರಹ್ಮಣ್ಯವು ನಾಗಾರಾಧನೆಯ ಪ್ರಸಿದ್ಧ ಕ್ಷೇತ್ರ. ಸರ್ಪಸುತ್ತೆಂಬ ಹೆಸರು ಕೇಳಿದೊಡನೆಯೇ ಇಲ್ಲಿಯ ಜನರ ಮನಸ್ಸು ಅತ್ತ ಹರಿಯುತ್ತದೆ. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಹೆಸರನ್ನು ಹೊತ್ತ ಆಧುನಿಕ ವೈದ್ಯ ಮಹಾವಿದ್ಯಾಲಯವೂ ಆಯುರ್ವೇದ ಮಹಾವಿದ್ಯಾಲಯವೂ ಒಂದೇ ಊರಿನಲ್ಲಿವೆ. ಹೀಗೆ ನೋವು, ನಂಬಿಕೆ, ಎರಡು ಶಾಸ್ತ್ರಗಳು ಒಂದೆಡೆಯಲ್ಲಿ ಕೂಡಿರುವುದರಿಂದ ಈ ಸೀಮೆಯಲ್ಲಿ ಪ್ರಶ್ನೆಯು ಕೇವಲ ಗ್ರಂಥಸ್ಥವಾದುದಲ್ಲ.

೨. ಶಬ್ದವಿಚಾರ

ಮೊದಲು ‘ನರ’ ಎಂಬ ಶಬ್ದ. ತಮಿಳಿನ ನರಂಬು, ಮಲೆಯಾಳದ ಞರಂಬು, ತೆಲುಗಿನ ನರಮು ಇವುಗಳ ಒಡಹುಟ್ಟಾದ ಇದು ಅಚ್ಚ ದ್ರಾವಿಡ ಪದ. ಮನುಷ್ಯವಾಚಕವಾದ ಸಂಸ್ಕೃತದ ನರ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಬಳಕೆಯಲ್ಲಿ ಮಾಂಸವನ್ನು ಎಲುಬಿಗೆ ಕಟ್ಟುವ ಹುರಿಯೂ ನರವೇ, ರಕ್ತ ಹರಿಯುವ ನಾಳವೂ ನರವೇ. ಸ್ಪರ್ಶವನ್ನೂ ನೋವನ್ನೂ ಮಿದುಳಿಗೆ ಮುಟ್ಟಿಸುವ ತಂತು ಎಂಬ ಅರ್ಥವು ಆಧುನಿಕ ಶರೀರಶಾಸ್ತ್ರದಿಂದ ಈ ಪದದ ಮೇಲೆ ಬಂದು ನೆಲೆಸಿದುದು. ಸಂಸ್ಕೃತದಲ್ಲಿಯೂ ಸಿರಾ, ಧಮನೀ, ಸ್ನಾಯು, ಕಂಡರಾ ಎಂಬ ಬೇರೆ ಬೇರೆ ಶಬ್ದಗಳುಂಟು. ಆದರೆ ಅವುಗಳಲ್ಲಿ ಯಾವುದೂ ಇಂದಿನ ನರಕ್ಕೆ ಸರಿಯಾಗಿ ಹೊಂದುವುದಿಲ್ಲ. ಆದುದರಿಂದ ಹಳೆಯ ಗ್ರಂಥದಲ್ಲಿ ಸಿರೆಯೆಂದಿರುವೆಡೆ ನರವೆಂದು ಕನ್ನಡಿಸಿ, ಆಮೇಲೆ ಆ ನರವನ್ನು ಇಂದಿನ ಅರ್ಥದಲ್ಲಿ ಹಿಡಿದರೆ, ಗ್ರಂಥಕಾರನು ಹೇಳದಿದ್ದುದನ್ನು ಅವನ ಬಾಯಿಯಲ್ಲಿ ಹೇಳಿಸಿದಂತಾಗುವುದು. ಮುಂದೆ ವಿಚಾರಿಸುವ ವಾದದ ಅರ್ಧಭಾಗವು ಈ ಒಂದು ಶಬ್ದದ ಮೇಲೆ ನಿಂತಿದೆ.

ಎರಡನೆಯದು ‘ಗೃಧ್ರಸೀ’. ಗೃಧ್ರವೆಂದರೆ ಹದ್ದು; ರೋಗಿಯ ನಡಿಗೆ ಹದ್ದಿನ ನಡಿಗೆಯಂತಾಗುವುದರಿಂದ ಈ ಹೆಸರೆಂದು ಕೆಲವರ ವಿವರಣೆ. ನೋವು ಮೊದಲು ನಿತಂಬದಲ್ಲಿ ತೋರಿ, ಕಟಿ, ಬೆನ್ನು, ತೊಡೆ, ಮೊಣಕಾಲು, ಜಂಘೆ, ಪಾದ ಎಂಬ ಕ್ರಮದಿಂದ ಹರಡುವುದೆಂದೂ, ಅದರಲ್ಲಿ ಬಿಗಿತ, ಬೇನೆ, ತೋದ, ಮತ್ತೆ ಮತ್ತೆ ಮಿಡಿತ ಇವು ಇರುವುವೆಂದೂ ಚರಕಸಂಹಿತೆಯ ಚಿಕಿತ್ಸಾಸ್ಥಾನವು ಹೇಳುತ್ತದೆ. ಸುಶ್ರುತನ ನಿದಾನಸ್ಥಾನವು ಹಿಮ್ಮಡಿ ಮತ್ತು ಬೆರಳುಗಳ ಕಂಡರೆಯನ್ನು ವಾಯುವು ಪೀಡಿಸಿದಾಗ ಕಾಲನ್ನು ಎತ್ತುವುದು ತಡೆಯಲ್ಪಡುವುದೆಂದು ಲಕ್ಷಣವನ್ನು ಹೇಳಿದೆ. ಅಂಗಾತ ಮಲಗಿದವನ ಕಾಲನ್ನು ನೆಟ್ಟಗೆ ಎತ್ತಿ ನೋಡುವ ಪರೀಕ್ಷೆಯು ಯೂರೋಪಿನಲ್ಲಿ ಲಾಸೇಗ್ ಎಂಬ ವೈದ್ಯನ ಹೆಸರಿನಿಂದ ಪ್ರಸಿದ್ಧವಾಗಿದೆ. ಅವನ ಶಿಷ್ಯನಾದ ಫೋರ್ಸ್ಟ್ ಎಂಬವನು ಅದನ್ನು ೧೮೮೧ರಲ್ಲಿ ವಿವರಿಸಿದನು. ಲಕ್ಷಣವನ್ನು ಕಂಡುಕೊಳ್ಳುವುದರಲ್ಲಿ ಸುಶ್ರುತನ ಕಣ್ಣು ಎಷ್ಟು ಚುರುಕಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಇನ್ನು ತೋದವೆಂದರೆ ಸೂಜಿಯಿಂದ ಚುಚ್ಚಿದಂತಹ ನೋವು. ಆಯುರ್ವೇದದ ಗೃಧ್ರಸೀಪ್ರಕರಣದಲ್ಲಿ ಸೂಜಿಯು ಹೀಗೆ ನೋವಿಗೆ ಉಪಮಾನವಾಗಿ ಬಂದಿದೆಯೇ ಹೊರತು ನೋವಿನ ಪರಿಹಾರವಾಗಿ ಬಂದಿಲ್ಲವೆಂಬುದು ಗಮನಾರ್ಹ.

ಮೂರನೆಯದು ‘ಸರ್ಪಸುತ್ತು’. ಆಂಗ್ಲವೈದ್ಯದಲ್ಲಿ ಇದಕ್ಕೆ ಹರ್ಪಿಸ್ ಜೋಸ್ಟರ್ ಎಂದು ಹೆಸರು. ಗ್ರೀಕಿನ ಹೆರ್ಪೈನ್ ಧಾತುವಿಗೂ ಸಂಸ್ಕೃತದ ಸೃಪ್ ಧಾತುವಿಗೂ ಮೂಲ ಒಂದೇ. ಎರಡಕ್ಕೂ ಹರಿದಾಡುವುದೆಂದು ಅರ್ಥ. ಜೋಸ್ಟರ್ ಎಂದರೆ ನಡುಕಟ್ಟು, ಸುತ್ತಿಕೊಳ್ಳುವ ಪಟ್ಟಿ. ಎಂದರೆ ಒಂದಕ್ಕೊಂದು ತಿಳಿಯದ ಎರಡು ನಾಡುಗಳ ಜನರು ಒಂದು ವ್ಯಾಧಿಯನ್ನು ಕಂಡು ಹೆಚ್ಚುಕಡಮೆ ಒಂದೇ ಹೆಸರಿಟ್ಟಿದ್ದಾರೆ. ಇದರಿಂದ ಕನ್ನಡದ ಹೆಸರು ಗ್ರೀಕಿನ ಭಾಷಾಂತರವೆಂದಾಗಲಿ, ಗ್ರೀಕಿನದು ನಮ್ಮದರ ಭಾಷಾಂತರವೆಂದಾಗಲಿ ಯಾರೂ ಹೇಳರು. ಮೈಯ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಹಬ್ಬುವ ವ್ಯಾಧಿಯ ರೂಪವೇ ಇಬ್ಬರಿಗೂ ಆ ಹೆಸರನ್ನು ಕೊಟ್ಟಿತು. ಸಾಮ್ಯವೇ ಬೇರೆ, ಸಂತತಿಯೇ ಬೇರೆ ಎಂಬ ಈ ವಿವೇಕವು ಮುಂದಿನ ವಿಚಾರಕ್ಕೆ ದಾರಿದೀಪ.

ಹಾವಿನ ತಲೆಯೂ ಬಾಲವೂ ಕೂಡಿದರೆ ರೋಗಿಯು ಬದುಕನೆಂಬ ಭಯವು ಜನರಲ್ಲಿ ಬಹುಕಾಲದಿಂದ ಉಂಟು. ಸರ್ಪಸುತ್ತು ಬೆನ್ನುಹುರಿಯ ಪಕ್ಕದ ನರಗ್ರಂಥಿಯ ವ್ಯಾಧಿಯೆಂದೂ, ಆ ಗ್ರಂಥಿಯಿಂದ ಹೊರಟ ನರವು ವ್ಯಾಪಿಸಿದ ಚರ್ಮದಲ್ಲಿಯೇ ಗುಳ್ಳೆಗಳೇಳುವುವೆಂದೂ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬವರು ೧೯೦೦ರಲ್ಲಿ ತೋರಿಸಿಕೊಟ್ಟರು. ಬಾಲ್ಯದಲ್ಲಿ ಸೀತಾಳೆಸಿಡುಬನ್ನು ಬರಿಸಿದ ವಿಷಾಣುವೇ ಆ ಗ್ರಂಥಿಯಲ್ಲಿ ಅಡಗಿದ್ದು ಮುಪ್ಪಿನಲ್ಲಿ ಮರಳಿ ಏಳುತ್ತದೆ. ಗುಳ್ಳೆ ಒಣಗಿದ ಮೇಲೂ ನರಕ್ಕೆ ತಗುಲಿದ ಹಾನಿ ಉಳಿದರೆ ನೋವೂ ಉಳಿಯುತ್ತದೆ.

೩. ಪೂರ್ವಪಕ್ಷ

ಸುಶ್ರುತನಲ್ಲಿ ಸೂಚೀಚಿಕಿತ್ಸೆಯುಂಟೆಂಬವರು ಮುಖ್ಯವಾಗಿ ಮೂರು ಪ್ರಮಾಣಗಳನ್ನು ತೋರಿಸಬಹುದು. ೨೦ ಶಸ್ತ್ರಗಳಲ್ಲಿ ಸೂಚಿಯನ್ನು ಎಣಿಸಿ, ಅದಕ್ಕೆ ಹೊಲಿಯುವ ಕೆಲಸವಲ್ಲದೆ ವೇಧನದ ಕೆಲಸವನ್ನೂ ಹೇಳಿರುವುದು ಒಂದು. ಶಾರೀರಸ್ಥಾನದಲ್ಲಿ ಗೃಧ್ರಸಿಗೆ ಮೊಣಕಾಲ ಸಂದಿಗೆ ನಾಲ್ಕಂಗುಲ ಮೇಲೆ ಅಥವಾ ಕೆಳಗೆ ಸಿರೆಯನ್ನು ವೇಧಿಸಬೇಕೆಂದು ವಿಧಿಸಿರುವುದು ಎರಡು. ಚಿಕಿತ್ಸಾಸ್ಥಾನದಲ್ಲಿ ಅಂತ್ರವೃದ್ಧಿಗೆ ಕಿವಿಯ ಬಳಿಯ ಸಿರೆಯನ್ನು, ಅದೂ ರೋಗವಿರುವ ಪಾರ್ಶ್ವಕ್ಕೆ ವಿರುದ್ಧವಾದ ಪಾರ್ಶ್ವದಲ್ಲಿ, ವೇಧಿಸಬೇಕೆಂದಿರುವುದು ಮೂರು. ಇವುಗಳಲ್ಲಿ ಕಡೆಯದು ಬಲವಾದುದು. ರೋಗವಿರುವುದು ಒಂದೆಡೆ, ವೇಧಿಸುವುದು ದೂರದ ಇನ್ನೊಂದೆಡೆ ಎಂಬ ಕ್ರಮವು ಚೀನದ ಪದ್ಧತಿಯನ್ನು ನೆನಪಿಗೆ ತರುವುದು ಸಹಜ. ಇದರ ಮೇಲೆ ೧೦೭ ಮರ್ಮಗಳ ಗಣನೆಯನ್ನು ಸೇರಿಸಿದರೆ ವಾದವು ಪೂರ್ಣವಾಯಿತೆಂದು ಅವರ ಅಭಿಪ್ರಾಯ.

೪. ಸಿದ್ಧಾಂತ

ಇದಕ್ಕೆ ಸಮಾಧಾನ. ಸಿರಾವ್ಯಧದ ಪ್ರಯೋಜನವು ರಕ್ತವಿಸ್ರಾವಣ; ದುಷ್ಟವಾದ ರಕ್ತವನ್ನು ಹೊರಗೆ ಹರಿಯಿಸುವುದು. ರಕ್ತವು ಹೊರಡದಿದ್ದರೆ ಏನು ಮಾಡಬೇಕು, ಅತಿಯಾಗಿ ಹೊರಟರೆ ಹೇಗೆ ನಿಲ್ಲಿಸಬೇಕು ಎಂಬುದನ್ನು ಸುಶ್ರುತನು ವಿಸ್ತರಿಸಿ ಹೇಳಿರುವುದೇ ಇದಕ್ಕೆ ಲಿಂಗ. ಚೀನದ ಕ್ರಮದಲ್ಲಿಯಾದರೋ ಸೂಜಿಯನ್ನು ನೆಟ್ಟು ಕೆಲವು ಹೊತ್ತು ಹಾಗೆಯೇ ಬಿಡುವರು. ಸಾಮಾನ್ಯವಾಗಿ ರಕ್ತ ಬರಕೂಡದು. ಒಂದರಲ್ಲಿ ಸಾಧ್ಯವಾದುದು ಮತ್ತೊಂದರಲ್ಲಿ ದೋಷ. ಸೂಚಿಗೆ ಸುಶ್ರುತನು ವಿಶೇಷವಾಗಿ ಹೇಳಿದ ಮೂರು ಭೇದಗಳೂ, ಎಂದರೆ ಮಾಂಸ ಕಡಮೆಯಿರುವೆಡೆಗೆ ಎರಡಂಗುಲದ ದುಂಡು ಸೂಚಿ, ಮಾಂಸಲವಾದೆಡೆಗೆ ಮೂರಂಗುಲದ ಮೂರು ಮೂಲೆಯ ಸೂಚಿ, ಮರ್ಮ ಮತ್ತು ಉದರಗಳಿಗೆ ಬಿಲ್ಲಿನಂತೆ ಬಾಗಿದ ಸೂಚಿ ಎಂಬಿವು, ವ್ರಣವನ್ನು ಹೊಲಿಯುವುದಕ್ಕಾಗಿ ಇರುವುವು.

ಮರ್ಮವಿಚಾರದಲ್ಲಂತೂ ವಿರೋಧವು ಸ್ಪಷ್ಟ. ಪೆಟ್ಟು ಬಿದ್ದರೆ ಆಗುವ ಫಲವನ್ನು ನೋಡಿ ಮರ್ಮಗಳನ್ನು ಐದು ಬಗೆಯಾಗಿ ವಿಂಗಡಿಸಿದೆ: ಒಡನೆ ಪ್ರಾಣ ಹೋಗುವುವು ೧೯, ಕಾಲಾಂತರದಲ್ಲಿ ಪ್ರಾಣ ಹೋಗುವುವು ೩೩, ಶಲ್ಯವನ್ನು ಕಿತ್ತರೆ ಸಾಯಿಸುವುವು ೩, ಅಂಗವೈಕಲ್ಯವನ್ನುಂಟುಮಾಡುವುವು ೪೪, ನೋವನ್ನು ಕೊಡುವುವು ೮. ಶಸ್ತ್ರವೈದ್ಯನು ಯಾವ ಎಡೆಯನ್ನು ಮುಟ್ಟದೆ ಉಳಿಸಬೇಕೆಂಬುದನ್ನು ಕಲಿಸುವ ಪಟ್ಟಿ ಇದು. ಚೀನದ ಸ್ಥಾನಗಳಾದರೋ ಮುಟ್ಟುವುದಕ್ಕೆಂದೇ ಹೇಳಿದವು; ಈಗ ಅಂಗೀಕೃತವಾದ ಗಣನೆಯಲ್ಲಿ ಅವು ೩೬೧. ಮುಳ್ಳುಬೇಲಿಯ ನಕ್ಷೆಯನ್ನು ಹಿಡಿದು ಅದೇ ಬಾಗಿಲುಗಳ ನಕ್ಷೆಯೆನ್ನುವುದು ಉಚಿತವಲ್ಲ. ಅಂತ್ರವೃದ್ಧಿಯ ದೃಷ್ಟಾಂತದಲ್ಲಿ ದೂರದ ಸ್ಥಾನದಿಂದ ಫಲವುಂಟೆಂಬ ನಂಬಿಕೆಯನ್ನು ಒಪ್ಪಬೇಕಾದುದೇ. ಆದರೆ ಅಲ್ಲಿಯೂ ಗ್ರಂಥವು ಹೇಳುವುದು ಸಿರೆಯನ್ನೇ.

ಹಾಗಾದರೆ ನರಶೂಲೆಗೆ ನಮ್ಮ ಶಾಸ್ತ್ರವು ಹೇಳಿದುದೇನು? ಚರಕನು ಗೃಧ್ರಸಿಗೆ ಕಂಡರಾ ಮತ್ತು ಗುಲ್ಫಗಳ ನಡುವಣ ಸಿರಾವೇಧ, ಬಸ್ತಿ, ಅಗ್ನಿಕರ್ಮ ಎಂಬ ಮೂರನ್ನು ವಿಧಿಸಿದ್ದಾನೆ. ಇವುಗಳಲ್ಲಿ ಅಗ್ನಿಕರ್ಮಕ್ಕೆ ಸುಶ್ರುತನ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವೇ ಮೀಸಲಾಗಿದೆ. ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು, ಬಾಣದ ಮೊನೆ, ಲೋಹದ ಶಲಾಕೆ, ಜೇನು, ಬೆಲ್ಲ, ಸ್ನೇಹದ್ರವ್ಯ ಇವು ದಹನದ ಉಪಕರಣಗಳು. ಬಳೆ, ಬಿಂದು, ಗೆರೆ, ಒರಸು ಎಂಬ ನಾಲ್ಕು ದಹನದ ಆಕೃತಿಗಳು. ಶರತ್ತು ಗ್ರೀಷ್ಮಗಳು ವರ್ಜ್ಯ. ಹೀಗೆ ಕಾಲ, ದೇಶ, ದ್ರವ್ಯ, ಆಕೃತಿಗಳ ನಿಯಮದಿಂದ ಕೂಡಿದ ಶಾಸ್ತ್ರ ಅದು. ಕನ್ನಡ ನಾಡಿನ ವೈದ್ಯಸಾಹಿತ್ಯದಲ್ಲಿ, ಉಗ್ರಾದಿತ್ಯನು ರಾಷ್ಟ್ರಕೂಟರ ಕಾಲದಲ್ಲಿ ಸಂಸ್ಕೃತದಲ್ಲಿ ಬರೆದ ಕಲ್ಯಾಣಕಾರಕ, ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿದ ಕರ್ಣಾಟಕ ಕಲ್ಯಾಣಕಾರಕ, ಸುಮಾರು ೧೩೬೦ರಲ್ಲಿ ಒಂದನೆಯ ಮಂಗರಾಜನು ವಿಷಚಿಕಿತ್ಸೆಗೆಂದು ಬರೆದ ಖಗೇಂದ್ರಮಣಿದರ್ಪಣ ಇವು ಪ್ರಸಿದ್ಧವಾದುವು. ಈ ಪರಂಪರೆಯ ಹಿರಿಮೆಯು ಇಲ್ಲದ ಸೂಜಿಯನ್ನು ಅದರಲ್ಲಿ ಹುಡುಕುವುದರಿಂದ ಹೆಚ್ಚಲಾರದು.

೫. ಸೂಚಿಯೂ ವಿದ್ಯುತ್ತೂ ಕೂಡಿದ ಬಗೆ

ಚೀನದಲ್ಲಿ ಈ ವಿದ್ಯೆಯ ಹೆಸರು ಝೆನ್‌ಜ್ಯೂ. ಮೊದಲ ಭಾಗಕ್ಕೆ ಸೂಚಿಯೆಂದೂ ಎರಡನೆಯದಕ್ಕೆ ಬೆಂಕಿಯಿಂದ ಸುಡುವುದೆಂದೂ ಅರ್ಥ. ೧೯೭೩ರಲ್ಲಿ ಮಾವಾಂಗ್‌ದ್ವೇ ಎಂಬಲ್ಲಿ ಅಗೆದು ತೆಗೆದ, ಕ್ರಿ. ಪೂ. ೧೬೮ರಲ್ಲಿ ಮುಚ್ಚಿದ ಸಮಾಧಿಯೊಂದರಲ್ಲಿ ವೈದ್ಯಲೇಖಗಳು ದೊರೆತವು. ಅವುಗಳಲ್ಲಿ ಶರೀರದ ಮಾರ್ಗಗಳ ಮೇಲೆ ಸುಡುವುದನ್ನು ಹೇಳಿದೆ, ಸೂಚೀವೇಧವನ್ನು ಹೇಳಿಲ್ಲ. ಸೂಚಿಯ ಶಾಸ್ತ್ರವು ವಿಸ್ತಾರವಾಗಿ ತೋರುವುದು ಕ್ರಿ. ಪೂ. ೨-೧ನೆಯ ಶತಮಾನಗಳಲ್ಲಿ ಸಂಕಲಿತವಾದ ಹ್ವಾಂಗ್‌ದೀ ನೇಜಿಂಗ್ ಎಂಬ ಗ್ರಂಥದಲ್ಲಿ. ಆದುದರಿಂದ ಆ ನಾಡಿನಲ್ಲಿಯೂ ಅಗ್ನಿಯೇ ಹಿರಿಯದು, ಸೂಚಿಯು ಕಿರಿಯದು ಎಂದು ಊಹಿಸುವುದಕ್ಕೆ ಆಧಾರವುಂಟು. ನೋವಿನೆಡೆಗೆ ಬೆಂಕಿಯನ್ನು ತಾಗಿಸುವ ಅಭ್ಯಾಸವು ಎರಡು ನಾಡುಗಳಲ್ಲಿಯೂ ಕಂಡುಬರುತ್ತದೆ. ಅದನ್ನು ಒಬ್ಬರು ಮತ್ತೊಬ್ಬರಿಂದ ಕಲಿತರೆಂದು ಹೇಳಲು ಇದೊಂದೇ ಸಾಲದು.

ವಿದ್ಯುತ್ತಿನ ಕಥೆಯು ಬೇರೆ. ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯನು ಕ್ರಿ. ಶ. ೧ನೆಯ ಶತಮಾನದಲ್ಲಿಯೇ ತಲೆನೋವಿಗೂ ಪಾದದ ವಾತಕ್ಕೂ ವಿದ್ಯುನ್ಮತ್ಸ್ಯವನ್ನು ಮುಟ್ಟಿಸಬೇಕೆಂದು ಬರೆದನು. ಆದರೆ ವಿದ್ಯುತ್ತು ಮನುಷ್ಯನ ಕೈವಶವಾದುದು ಇಟಲಿಯ ಗ್ಯಾಲ್ವಾನಿಯು ೧೭೯೧ರಲ್ಲಿ ಕಪ್ಪೆಯ ಕಾಲಿನ ಪ್ರಯೋಗಗಳನ್ನು ಪ್ರಕಟಿಸಿ, ವೋಲ್ಟನು ೧೮೦೦ರಲ್ಲಿ ತನ್ನ ವಿದ್ಯುತ್ಕೋಶವನ್ನು ಲೋಕಕ್ಕೆ ತಿಳಿಸಿದ ಮೇಲೆ. ಇತ್ತ ಸೂಚೀವೇಧದ ಸುದ್ದಿಯನ್ನು ಯೂರೋಪಿಗೆ ಗ್ರಂಥರೂಪದಲ್ಲಿ ಮುಟ್ಟಿಸಿದವನು ಡಚ್ಚರ ವ್ಯಾಪಾರಸಂಘದ ವೈದ್ಯನಾಗಿ ಜಪಾನಿನಲ್ಲಿದ್ದ ವಿಲ್ಲೆಂ ಟೆನ್ ರೈನ್; ಅವನ ಗ್ರಂಥವು ೧೬೮೩ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಫ್ರಾನ್ಸಿನ ಲೂಯಿ ಬೆರ್ಲಿಯೋಜ್ ಎಂಬ ವೈದ್ಯನು ೧೮೧೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೂಚಿಗೆ ವಿದ್ಯುತ್ತನ್ನು ಕೂಡಿಸಿದರೆ ಗುಣವು ಹೆಚ್ಚಬಹುದೆಂದು ಸೂಚಿಸಿದನು. ಆ ಸೂಚನೆಯನ್ನು ಪ್ರಯೋಗಕ್ಕೆ ತಂದು ೧೮೨೫ರಲ್ಲಿ ಪ್ಯಾರಿಸಿನಲ್ಲಿ ಗ್ರಂಥವನ್ನು ಬರೆದವನು ಸಾರ್ಲಾಂದಿಯೇರ್. ಸಂಧಿವಾತ ಮತ್ತು ನರವ್ಯಾಧಿಗಳಿಗೆ ವಿದ್ಯುತ್ಸೂಚಿಯನ್ನು ಹೇಳಿದ ಅದೇ ಗ್ರಂಥದಲ್ಲಿ ಜಪಾನಿನ ದಹನಚಿಕಿತ್ಸೆಯೂ ಸೇರಿದೆ. ಸೂಚಿ, ಅಗ್ನಿ, ವಿದ್ಯುತ್ತು ಮೂರೂ ಹೀಗೆ ಒಂದೇ ಹೊತ್ತಗೆಯಲ್ಲಿ ಕೂಡಿದವು. ಇದಕ್ಕೆ ಮೂರು ವರ್ಷ ಹಿಂದೆ, ೧೮೨೨ರಲ್ಲಿ, ಚೀನದ ಚಕ್ರವರ್ತಿಯು ತನ್ನ ಅರಮನೆಯ ವೈದ್ಯಾಲಯದಿಂದ ಸೂಚೀವಿದ್ಯೆಯನ್ನು ತೆಗೆದುಹಾಕಿದ್ದನೆಂಬುದು ಚರಿತ್ರೆಯ ವೈಚಿತ್ರ್ಯ. ತೌರಿನಲ್ಲಿ ಮಾನ ಕಳೆದುಕೊಂಡ ವಿದ್ಯೆಯು ಪರದೇಶದಲ್ಲಿ ಹೊಸ ಬಲವನ್ನು ಪಡೆಯಿತು.

೬. ಭಾರತಕ್ಕೆ ಬಂದುದು, ಯುಕ್ತಿಯೂ ಪ್ರಮಾಣವೂ

೧೯೩೮ರಲ್ಲಿ ಚೀನದ ಯುದ್ಧಕಾಲದಲ್ಲಿ ಭಾರತದಿಂದ ಐವರು ವೈದ್ಯರ ತಂಡವು ಅಲ್ಲಿಗೆ ಹೋಯಿತು. ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ಸೋಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸರು ಆ ತಂಡದವರು; ೧೯೪೨ರಲ್ಲಿ ಚೀನದಲ್ಲಿಯೇ ತೀರಿಕೊಂಡರು. ಅವರು ಶಸ್ತ್ರವೈದ್ಯರು, ಸೂಚೀವಿದ್ಯೆಯನ್ನು ಭಾರತಕ್ಕೆ ತಂದ ಕೀರ್ತಿಯು ಅದೇ ತಂಡದ ಬಿಜಯ್ ಕುಮಾರ್ ಬಸು ಅವರದು. ಅವರು ೧೯೫೦ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಕಲಿತು ಬಂದು ಕಲ್ಕತ್ತೆಯಲ್ಲಿ ಈ ಚಿಕಿತ್ಸೆಯನ್ನು ಆರಂಭಿಸಿದರು. ಭಾರತ ಸರ್ಕಾರವು ಇದನ್ನು ೨೦೦೩ರಲ್ಲಿ ಒಂದು ಚಿಕಿತ್ಸಾಕ್ರಮವೆಂದೂ ೨೦೧೯ರಲ್ಲಿ ಸ್ವತಂತ್ರ ಪದ್ಧತಿಯೆಂದೂ ಅಂಗೀಕರಿಸಿತು. ಚೀನದಲ್ಲಿ ೧೯೫೮ರಿಂದ ಈಚೆಗೆ ಶಸ್ತ್ರಕ್ರಿಯೆಯ ವೇಳೆ ನೋವನ್ನು ತಡೆಯುವುದಕ್ಕೆ ಸೂಜಿಗಳನ್ನು ಉಪಯೋಗಿಸತೊಡಗಿದಾಗ, ಗಂಟೆಗಟ್ಟಲೆ ಕೈಯಿಂದ ತಿರುಗಿಸುತ್ತಿರುವ ಶ್ರಮವನ್ನು ತಪ್ಪಿಸಲು ವಿದ್ಯುದ್ಯಂತ್ರವು ನೆರವಾಯಿತು.

ಇದು ನೋವನ್ನು ಹೇಗೆ ಶಮನಮಾಡುವುದೆಂಬುದಕ್ಕೆ ಎರಡು ಯುಕ್ತಿಗಳಿವೆ. ಮೆಲ್ಜಾಕ್ ಮತ್ತು ವಾಲ್ ಎಂಬವರು ೧೯೬೫ರಲ್ಲಿ ಪ್ರತಿಪಾದಿಸಿದಂತೆ, ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳು ಪ್ರಚೋದಿತವಾದಾಗ ಬೆನ್ನುಹುರಿಯಲ್ಲಿ ನೋವಿನ ಬಾಗಿಲು ಮುಚ್ಚುತ್ತದೆ. ಪೆಟ್ಟುಬಿದ್ದೆಡೆಯನ್ನು ಉಜ್ಜಿಕೊಂಡರೆ ಸಮಾಧಾನವಾಗುವುದು ಇದರಿಂದಲೇ. ೧೯೭೫ರಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಎಂಬವರು ಅಫೀಮಿನಂತೆ ವರ್ತಿಸುವ ದ್ರವ್ಯಗಳು ಮಿದುಳಿನಲ್ಲಿಯೇ ಉಂಟೆಂದು ಕಂಡುಹಿಡಿದ ಮೇಲೆ ಎರಡನೆಯ ಯುಕ್ತಿಯು ಹುಟ್ಟಿತು. ಬೀಜಿಂಗಿನ ಹಾನ್ ಜೀಶೆಂಗ್ ಎಂಬವರು, ಸೆಕೆಂಡಿಗೆ ೨ ಸಲ ಮಿಡಿಯುವ ಪ್ರವಾಹದಿಂದ ಎನ್‌ಕೆಫಲಿನ್ ಮುಂತಾದುವೂ ೧೦೦ ಸಲ ಮಿಡಿಯುವುದರಿಂದ ಡೈನಾರ್ಫಿನ್ ಎಂಬುದೂ ಹೊರಬರುವುವೆಂದು ಪ್ರಯೋಗಗಳಿಂದ ತೋರಿಸಿದರು. ಕೈಯ ಸೂಜಿಯಲ್ಲಿ ದೊರೆಯದ ಪರಿಮಾಣನಿಯಮವು ವಿದ್ಯುತ್ತಿನಿಂದ ದೊರೆತುದು ಈ ಕ್ರಮದ ವೈಶಿಷ್ಟ್ಯ.

ಯುಕ್ತಿಯಿದ್ದ ಮಾತ್ರಕ್ಕೆ ಫಲವು ಸಿದ್ಧವಾಗದು. ಹಾನಿಗೊಂಡ ನರದ ನೋವಿಗೆ ಸೂಚೀವೇಧದ ಫಲವೇನೆಂದು ಕಾಕ್ರೇನ್ ಸಂಸ್ಥೆಯವರು ೨೦೧೭ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ ಆಯ್ಕೆಗೆ ಯೋಗ್ಯವಾಗಿ ಕಂಡುವು ೬ ಪರೀಕ್ಷೆಗಳು, ೪೬೨ ರೋಗಿಗಳು. ಅಷ್ಟರಿಂದ ಉಂಟೆಂದಾಗಲಿ ಇಲ್ಲವೆಂದಾಗಲಿ ನಿರ್ಣಯಿಸಲಾಗದೆಂಬುದೇ ಅವರ ನಿಗಮನ. ಹೃದಯದಲ್ಲಿ ಪೇಸ್‌ಮೇಕರ್ ಯಂತ್ರವನ್ನು ಇರಿಸಿಕೊಂಡವರಿಗೆ ವಿದ್ಯುತ್ಸೂಚಿಯು ಅಪಾಯಕರವೆಂಬ ಎಚ್ಚರಿಕೆಯೂ ಉಂಟು.

೭. ಉಪಸಂಹಾರ

ಇಷ್ಟರಿಂದ ಸಿದ್ಧವಾದುದು ಇದು. ವಿದ್ಯುತ್ಸೂಚೀವೇಧವು ಚೀನದ ಸೂಜಿ, ಇಟಲಿಯ ವಿದ್ಯುತ್ತು, ಫ್ರಾನ್ಸಿನ ಪ್ರಯೋಗ ಇವು ಮೂರೂ ಕೂಡಿ ೧೯ನೆಯ ಶತಮಾನದಲ್ಲಿ ಹುಟ್ಟಿ, ೨೦ನೆಯ ಶತಮಾನದಲ್ಲಿ ಚೀನದಲ್ಲಿ ಬೆಳೆದುದು, ಸುಶ್ರುತನದಲ್ಲ. ಅಗ್ನಿಕರ್ಮಕ್ಕೂ ಇದಕ್ಕೂ, ಚರ್ಮವನ್ನು ಪ್ರಚೋದಿಸಿ ಆಳದ ನೋವನ್ನು ಅಡಗಿಸುವ ಉದ್ದೇಶದಲ್ಲಿ ಸಾಮ್ಯವುಂಟು, ಸಂತತಿಯಿಲ್ಲ.

ಈ ನಿರ್ಣಯವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ಪ್ರಾಚೀನವೆಂಬ ಮುದ್ರೆಯು ಬಿದ್ದ ಚಿಕಿತ್ಸೆಯನ್ನು ಯಾರೂ ಪರೀಕ್ಷಿಸಹೋಗುವುದಿಲ್ಲ. ಋಷಿವಾಕ್ಯವೆಂದು ನಂಬಿ ಕುಳಿತ ರೋಗಿಗೆ ಕಾಲ ಕಳೆಯುತ್ತದೆ. ಸುಳ್ಯದ ತೋಟದಲ್ಲಿ ಮರದಿಂದ ಬಿದ್ದು ಸೊಂಟದ ನೋವಿನೊಡನೆ ಪಾದವು ಜೋತುಬಿದ್ದವನಿಗೆ, ಮೂತ್ರ ಕಟ್ಟಿದವನಿಗೆ, ಸೂಜಿಗಿಂತ ಮೊದಲು ಶಸ್ತ್ರವೈದ್ಯನು ಬೇಕು. ಕಡಬದ ಹಳ್ಳಿಯಲ್ಲಿ ಸರ್ಪಸುತ್ತು ಕಂಡವರು ಗುಳ್ಳೆಯೆದ್ದ ಮೂರು ದಿನಗಳೊಳಗೆ ವಿಷಾಣುವಿನ ಔಷಧವನ್ನು ತೆಗೆದುಕೊಳ್ಳುವುದು ಒಳ್ಳೆಯದು. ಕ್ಷೇತ್ರಕ್ಕೆ ಸಲ್ಲಿಸುವ ಸೇವೆಗೆ ಅದರಿಂದ ವಿರೋಧವೇನೂ ಇಲ್ಲ. ಅವುಗಳಿಂದ ಶಮನವಾಗದೆ ಉಳಿದ ನೋವಿಗೆ ವಿದ್ಯುತ್ಸೂಚಿಯನ್ನು, ಇದು ಹೊಸದು, ಫಲವು ಇನ್ನೂ ನಿಶ್ಚಿತವಾಗಿಲ್ಲ ಎಂದು ತಿಳಿದು, ಬಲ್ಲವರ ಕೈಯಲ್ಲಿ ಪ್ರಯೋಗಿಸಿ ನೋಡಬಹುದು. ಸಾಧ್ಯಾಸಾಧ್ಯವಿವೇಕವಿಲ್ಲದೆ ಚಿಕಿತ್ಸೆಗೆ ಕೈಹಾಕಬಾರದೆಂಬುದು ಸಂಹಿತಾಕಾರರ ಮತವೇ ಆಗಿದೆಯಷ್ಟೆ.

ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದರು. ಬಹುಕಾಲ ಪುತ್ತೂರಿನಲ್ಲಿ ನೆಲೆಸಿದ್ದ ಅವರು ಲೋಕದ ಹೊಸ ಅರಿವನ್ನು ಕನ್ನಡದ ಮಕ್ಕಳಿಗೆ ಹೊಸ ಅರಿವೆಂದೇ ಹೇಳಿಕೊಟ್ಟರು. ಅದು ನಮ್ಮಲ್ಲಿ ಮೊದಲೇ ಇತ್ತೆಂಬ ಸಮಾಧಾನವನ್ನು ಅದಕ್ಕೆ ಬೆರಸಬೇಕಾಗಲಿಲ್ಲ. ಪರದೇಶದ ವಿದ್ಯೆಯನ್ನು ಪರದೇಶದ್ದೆಂದು ಒಪ್ಪಿ ಪರೀಕ್ಷಿಸಿ ಕೊಳ್ಳುವುದರಿಂದ ಸುಶ್ರುತನ ಮಾನಕ್ಕೆ ಕುಂದಿಲ್ಲ. ಕಾಲನ್ನೆತ್ತಲಾರದ ರೋಗಿಯನ್ನು ಕಣ್ಣಾರೆ ಕಂಡು ಲಕ್ಷಣವನ್ನು ಬರೆದವನು ಅವನು. ಕಾಣದುದನ್ನು ಕಂಡೆನೆಂದು ಹೇಳಿಕೊಳ್ಳುವ ಅಗತ್ಯ ಅವನಿಗಿರಲಿಲ್ಲ. ಅವನ ಹೆಸರನ್ನು ಹೇಳಿಕೊಳ್ಳುವವರಿಗೂ ಅದು ಇರಬೇಕಾಗಿಲ್ಲ.